ಚೀಲದ ತೂಕ

ಕಲಬುರಗಿ ಗಂಜಿನ್ಯಾಗ
ಇಪ್ಪತ್ತೆರಡು ವರ್ಷ ಆಯ್ತು, ನಮ್ಮವರು ತೊಗರಿ ತೂಗ್ತಾರ.
ಕಟಗಿ ಕುರ್ಚಿ, ಕಿವಿಗೆ ಪೆನ್ನು,
ಚೀಲ ಕಾಟಾ ಏರೂಕಿಂತ ಮೊದಲೇ ಕಣ್ಣಲೇ ಹೇಳ್ತಾರ:
‘ಐವತ್ತೊಂದು, ನಾಕ್ನೂರು ಗ್ರಾಂ.’
ತಪ್ಪಂಗಿಲ್ಲ.

ತಮ್ಮ ತೂಕ ಮಾತ್ರ
ದವಾಖಾನ್ಯಾಗ ಗೊತ್ತಾಯ್ತು.
‘ಬಂಡೆಪ್ಪ ಯಾರ್ರೀ?’ ಅಂತ ನರ್ಸು ಕೂಗಿದಾಗ
ಇವರು ಎದ್ದು ನಿಂತಿದ್ದು ನೋಡಿ
ಸಾಲಿನ್ಯಾಗ ಯಾರೋ ಕಿಸಕ್ಕಂದ್ರು.
ನೂರಾ ನಾಕು.
ಸಕ್ಕರಿ, ಬಿಪಿ, ಮೊಣಕಾಲು, ಚೀಟಿ ತುಂಬ
ಡಾಕ್ಟರಮ್ಮನ ಕಾಗಿಕಾಲು ಗುಬ್ಬಿಕಾಲು.

ಅವತ್ತಿನಿಂದ ನಾ ಪೊಲೀಸ ಆದೆ.
ಶೇಂಗಾ ಹಿಂಡಿ ಡಬ್ಬಿ ಅಟ್ಟದ ಮ್ಯಾಲ,
ತುಪ್ಪದ ಗಿಂಡಿ ಕಸ್ತೂರಬಾಯಿ ಮನ್ಯಾಗ ಒತ್ತಿ.
ರೊಟ್ಟಿ ಬಡಿಯೂ ಸಪ್ಪಳದಾಗೂ ಲೆಕ್ಕ.
ಒಂದು. ಎರಡು. ಸಾಕು.

ಒಂದಿನ ನಮ್ಮಣ್ಣ ಗುಂಡೇರಾವ ಪಂಕ್ತಿಗೆ ಕುಂತಾಗ
ಮೂರನೇ ರೊಟ್ಟಿಗೆ ಇವರ ಕೈ ಹೋಯ್ತು.
‘ಅದೇನ್ ಹೊಟ್ಟಿಯೋ ಹಗೇವೋ’ ಅಂದೆ.
ಅಣ್ಣ ನಕ್ಕ. ನಾನೂ ನಕ್ಕೆ.
ಇವರು ಕೈ ಹಿಂದಕ್ಕ ತಗೊಂಡು
ತಾಟಿನ್ಯಾಗೇ ತೊಳಕೊಂಡ್ರು.
ಅರ್ಧ ಕಡದ ಹಸಿ ಉಳ್ಳಾಗಡ್ಡಿ
ನೀರಾಗ ತೇಲ್ತಿತ್ತು.

ಆಮ್ಯಾಲ ಮನ್ಯಾಗ ಒಂದೇ ರೊಟ್ಟಿ.
ಒಂದು ಅಂದ್ರ ಒಂದು.
ಗೆದ್ದೆ ಅನ್ಕೊಂಡೆ ನಾ, ಹದಿನೈದು ದಿನ.

ಅರಬಿ ಒಗಿಯೂ ಮುಂದ ಅಂಗಿ ಬಕ್ಕಣದಾಗ ಒಂದು ಪೇಪರ ತುಂಡು,
ಎಣ್ಣಿ ಕುಡದು ಗಾಜಿನಂಗ ಆಗಿತ್ತು.
ಬಿಸಲಿಗೆ ಹಿಡದ್ರ ಆ ಕಡಿ ಅಕ್ಷರ ಈ ಕಡಿ ಕಾಣ್ತಿದ್ದವು:
ತೊಗರಿ ದರ, ಯಾರದೋ ಶ್ರದ್ಧಾಂಜಲಿ ಫೋಟೋ.
ಮಿರ್ಚಿ ಭಜಿ ವಾಸನಿ.
ನನ್ನ ಮುಂದ ಉಣ್ಣೂದಕ್ಕ ನಾಚಿ
ಬೀದ್ಯಾಗ ನಿಂತು, ಲಗೂ ಲಗೂ, ನಾಲಿಗಿ ಸುಟ್ಕೊಂಡು
ತಿಂದಾರ ನನ್ನ ಗಂಡ,
ಕಳ್ಳನಂಗ.
ಕಳ್ಳನ್ನ ಮಾಡಿದಾಕಿ ಪೊಲೀಸಳೇ.

ಸಂಜಿಗೆ ಗಂಜಿಗೆ ನಡಕೊಂತ ಹೋದೆ,
ಶಹಾಬಜಾರದಿಂದ. ಕಾವು ಇನ್ನೂ ಗ್ವಾಡಿ ಬಿಟ್ಟಿರಲಿಲ್ಲ.
‘ಆಟೋ ಸಿಗಲಿಲ್ಲೇನು?’ ಅಂದ್ರು.
‘ಆ ಭಜಿ ಬಂಡಿ ಎಲ್ಲದ, ತೋರಸ್ರಿ’ ಅಂದೆ.
ಮಾರಿ ಇಷ್ಟಾಯ್ತು ಅವರದು.

ಮೆಹಬೂಬಣ್ಣನ ಬಂಡಿ. ಒಂದೇ ಪ್ಲೇಟು, ನಾಕು ಭಜಿ.
ಅವರಿಗೆ ಎರಡು, ನನಗ ಎರಡು.
ಎಣಿಸಲಿಲ್ಲ ಅಂತಲ್ಲ,
ಬಾಯಿ ಬಿಟ್ಟು ಎಣಿಸಲಿಲ್ಲ.

ಮನಿಗೂ ನಡಕೊಂತನೇ ಬಂದೆವು.
ಅರ್ಧ ದಾರ್ಯಾಗ ನನಗೇ ದಮ್ಮು ಹತ್ತಿತು.
ಯಾರದೋ ಕಟ್ಟಿ ಮ್ಯಾಲ ಕುಂತು ಅಂದ್ರು, ತಣ್ಣಗ:
‘ಮಾಲು ತೂಗೂ ಮುಂದ ಚೀಲದ ತೂಕ ಕಳೀತೀವಿ ನಾವು.
ನೀ ನನ್ನ
ಚೀಲಾನೇ ತೂಗ್ಲತ್ತಿದ್ದಿ.’

ಈಗ ಹಿಂಡಿ ಡಬ್ಬಿ ಕೆಳಗ ಬಂದದ.
ತುಪ್ಪ ಬಂದಿಲ್ಲ, ಕಸ್ತೂರಬಾಯಿ ತಿಂದು ಮುಗಿಸ್ಯಾಳ.
ಎಣ್ಣಿ ಕಡಿಮಿ ಪುಂಡಿಪಲ್ಯ ನಾನೂ ಅದೇ ಉಣ್ತೀನಿ,
ಮಾರಿ ಸೊಟ್ಟ ಮಾಡ್ತೀವಿ ಇಬ್ಬರೂ.
ಉಂಡ ಮ್ಯಾಲ ಅಪ್ಪನ ಕೆರಿ ತನಕ;
ಜಗಳ ಆದ ದಿನ ಅವರು ಮುಂದ, ನಾ ಹತ್ತು ಹೆಜ್ಜಿ ಹಿಂದ,
ಆದ್ರೂ ಕೆರಿ ತನಕ.

ಮೊನ್ನಿ ಅಮಾಸಿ. ಗಂಜ್ ಬಂದ್.
ಹಮಾಲರಿಲ್ಲ. ಬರೇ ಪಾರಿವಾಳ,
ಉದುರಿದ ಕಾಳು ಆರಿಸ್ತಿದ್ದವು.
ಕಾಟಾ ಏರಿದ್ರು, ತಾವೇ.
ನಾ ಬೆನ್ನು ಮಾಡಿ ನಿಂತೆ; ಕೇಳಂಗಿಲ್ಲ ಅಂತ ಮಾತು ಕೊಟ್ಟೀನಿ.
ಬಾಳೊತ್ತು ಸಪ್ಪಳಿಲ್ಲ.
ಆಮ್ಯಾಲ ನಕ್ಕರು:
‘ನಾಕು ಖಾಲಿ ಚೀಲದಷ್ಟು ಇಳದೀನಿ.’
ಖಾಲಿ ಚೀಲ ಎಷ್ಟು ತೂಗ್ತದ
ನಾ ಕೇಳಲಿಲ್ಲ.

‘ಈಗ ನೀ ಹತ್ತು’ ಅಂದ್ರು.
ಚಪ್ಪಲ ಬಿಟ್ಟು ಹತ್ತಿದೆ.
ಪಾರಿವಾಳದ ಕಡಿ ಮಾರಿ ತಿರುವಿ
ನಿಂತ್ರು ನಮ್ಮವರು,
ಇಪ್ಪತ್ತೆರಡು ವರ್ಷದಾಗ ಮೊದಲನೇ ಸಲ
ಕಾಟಾ ನೋಡದ.